ನೀರು, ಬಣ್ಣ, ಕಾಗದ: ಆಲದ ಬಿಳಲಿಗೆ ಸಿಕ್ಕಿಕೊಂಡವರ ಪ್ರಶ್ನೆಗಳು

ಇಷ್ಟದ ಮರವೊಂದನ್ನು ಜಲವರ್ಣದಲ್ಲಿ ಬರೆದು ಕಳಿಸಿ, ಎಡವಿದ ಜಾಗವನ್ನೂ ತಿಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಚಿತ್ರಗಳಲ್ಲಿ ಆಲದ ಮರವೇ ಜಾಸ್ತಿ. ಎಡವಿದವರು ಎಡವಿರುವುದೂ ಬಹುಪಾಲು ಬಿಳಲಿನ ಹತ್ತಿರವೇ. ಹಾಗಾಗಿ ಈ ಸಲದ ಪುಟಗಳು ಪೂರ್ತಿ ಆಲಕ್ಕೆ. ಗುಲ್‌ಮೊಹರ್, ಹೊಂಗೆ, ತೆಂಗು ಬರೆದವರು ಸ್ವಲ್ಪ ಕಾಯಬೇಕು.

ಪ್ರಶ್ನೆ: ಮರವೆಲ್ಲ ಚೆನ್ನಾಗಿ ಬಂದಿತ್ತು. ಕೊನೆಗೆ ಬಿಳಲು ಹಾಕಿದೆ ನೋಡಿ, ಮರಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟ ಹಾಗಾಯಿತು. ಬಿಳಲನ್ನು ಬರೆಯುವುದು ಹೇಗೆ?
— ನಿವೃತ್ತ ಅಧ್ಯಾಪಕರು, ಹಾಸನ

"ಕೊನೆಗೆ ಹಾಕಿದೆ" ಎಂದಿರಲ್ಲ, ತೊಂದರೆ ಅಲ್ಲೇ ಇದೆ. ಮರದ ಕೆಳಗೆ ನಿಂತು ನೋಡಿ. ಬಿಳಲಿನ ಹಿಂದೆ ಇರುವುದು ಕತ್ತಲು. ಅದರ ಎದುರು ಬಿಳಲು ತಿಳಿಬೂದು. ಜಲವರ್ಣದಲ್ಲಿ ಕಡು ಬಣ್ಣದ ಮೇಲೆ ತಿಳಿ ಬಣ್ಣ ಕೂರುವುದಿಲ್ಲ. ಆದ್ದರಿಂದ ಬಿಳಲನ್ನು ಮೊದಲೇ ಉಳಿಸಿಕೊಂಡು, ಅದರ ಅಕ್ಕಪಕ್ಕದ ಕತ್ತಲನ್ನು ಬರೆಯಬೇಕು. ಆಕಾಶಕ್ಕೆ ಎದುರಾಗಿ ಬಂದ ಬಿಳಲು ಮಾತ್ರ ಕಪ್ಪಾಗಿ ಕಾಣುತ್ತದೆ. ಕೊನೆಯಲ್ಲಿ ಎಳೆಯಬಹುದಾದದ್ದು ಅದೊಂದೇ. ಒಂದೇ ಬಿಳಲು ಮೇಲೆ ಕತ್ತಲೆಯ ಎದುರು ತಿಳಿಯಾಗಿದ್ದು, ಕೆಳಗೆ ಬಯಲ ಬೆಳಕಿನ ಎದುರು ಬಂದಾಗ ಕಡುವಾಗುವುದೂ ಉಂಟು. ಇಂಥ ತಿರುವು ಚಿತ್ರದಲ್ಲಿ ಒಂದೆರಡು ಕಡೆ ಬಂದರೆ ಸಾಕು, ಮರಕ್ಕೆ ಆಳ ಬಂದುಬಿಡುತ್ತದೆ.

ಕಾಲು ಹಾಳೆಗೆ, ಅಂದರೆ 11×15 ಇಂಚಿಗೆ, ಕ್ರಮ ಹೀಗಿರಲಿ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು), ಕೋಲ್ಡ್ ಪ್ರೆಸ್ (ಮೇಲ್ಮೈ ಸ್ವಲ್ಪ ತರಿತರಿಯಾಗಿರುವುದು). ಬಣ್ಣದ ಗಟ್ಟಿತನಕ್ಕೆ ಮೂರು ಹೆಸರು ಇಟ್ಟುಕೊಳ್ಳೋಣ: ನೀರುಮಜ್ಜಿಗೆ, ಹಾಲು, ಮೊಸರು.

2ಬಿ ಪೆನ್ಸಿಲಿನಲ್ಲಿ ಮೊದಲು ಎಲೆಹಂದರದ ಹೊರಗೆರೆ, ನೆಲದ ಗೆರೆ, ಬೊಡ್ಡೆ ಇಷ್ಟೇ. ಆಲದ ಅಗಲ ಅದರ ಎತ್ತರಕ್ಕಿಂತ ಹೆಚ್ಚು ಎಂಬುದು ಇಲ್ಲೇ ನಿರ್ಧಾರವಾಗಬೇಕು. ಆಮೇಲೆ ಬಿಳಲನ್ನು ಮೂರು ಗುಂಪು ಮಾಡಿ: ನೆಲಕ್ಕಿಳಿದು ಕಂಬವೇ ಆಗಿಹೋದವು ಐದಾರು, ನೆಲ ಮುಟ್ಟಿದ್ದರೂ ಇನ್ನೂ ಹಗ್ಗದಷ್ಟೇ ಇರುವವು ನಾಲ್ಕಾರು, ಗಾಳಿಯಲ್ಲೇ ಪೊರಕೆಯ ಹಾಗೆ ಜೋತುಬಿದ್ದ ಗೊಂಚಲುಗಳು ಎರಡು ಮೂರು. ಪೆನ್ಸಿಲಿನಲ್ಲಿ ಗುರುತಿಸುವುದು ಮೊದಲನೆಯ ಗುಂಪನ್ನು ಮಾತ್ರ. ಅಂತರ ಒಂದೇ ಸಮ ಬಂದರೆ ಬೇಲಿಯಾಗುತ್ತದೆ, ಎರಡು ಹತ್ತಿರ, ಒಂದು ದೂರ ಹೀಗೆ ಒಡೆಯಿರಿ.

ಮೊದಲ ವಾಶ್, ಅಂದರೆ ನೀರು ಬೆರೆತ ಬಣ್ಣದ ಪದರ, ಬೊಡ್ಡೆ ಮತ್ತು ಬಿಳಲು ಬರುವ ಇಡೀ ಜಾಗಕ್ಕೆ. ಯೆಲ್ಲೋ ಓಕರ್ (ಮಣ್ಣಿನ ಹಳದಿ), ತುಸು ಬರ್ನ್ಟ್ ಸಿಯೆನ್ನಾ (ಕೆಂಗಂದು), ನೀರುಮಜ್ಜಿಗೆಯಷ್ಟು ತೆಳುವಾಗಿ. ಹಸಿ ಇರುವಾಗಲೇ ನೆರಳಿನ ಬದಿಗೆ ಅಲ್ಟ್ರಾಮರೀನ್ (ಕಡುನೀಲಿ) ಮುಟ್ಟಿಸಿ, ಅದು ತಾನಾಗಿ ಹರಡಿ ಬೂದಾಗಲಿ. ಮುಂದೆ ಉಳಿಯುವ ಬಿಳಲುಗಳ ಬಣ್ಣ ಇದೇ. ಹಾಗಾಗಿ ಇಲ್ಲಿ ಅವಸರ ಬೇಡ. ಪೂರ್ತಿ ಒಣಗಿತೇ ಎಂದು ನೋಡಲು ಕೈಯ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಈಗ ಕತ್ತಲು. ಅಲ್ಟ್ರಾಮರೀನ್ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು, ಹಾಲಿನ ಹದ. 8ನೇ ನಂಬರಿನ ದುಂಡು ಕುಂಚದಲ್ಲಿ ಕೊಂಬೆಯ ಅಡಿಯಿಂದ ಶುರು ಮಾಡಿ, ಕಂಬಬಿಳಲುಗಳ ನಡುವಿನ ಸಂದುಗಳನ್ನು ತುಂಬುತ್ತ ಕೆಳಗೆ ಬನ್ನಿ. ಕೆಳಗೆ ಬಂದಂತೆ ನೀರು ಸೇರಿಸುತ್ತ ಹೋಗಿ. ಮರದಡಿ ಅತಿ ಗಾಢ ಕತ್ತಲು ಇರುವುದು ಕೊಂಬೆಗಳಿಗೆ ತಾಗಿಕೊಂಡು. ನೆಲದ ಹತ್ತಿರ ಸುತ್ತಲ ಮಣ್ಣಿನಿಂದ ಬೆಳಕು ಮೇಲಕ್ಕೆ ಚಿಮ್ಮುವುದರಿಂದ ಅಲ್ಲಿ ತಿಳಿ. ಇದನ್ನು ತಲೆಕೆಳಗು ಮಾಡಿದವರು ಬಹಳ ಜನ. ಅವರ ಮರಗಳೆಲ್ಲ ಡಾಂಬರಿನಲ್ಲಿ ಅದ್ದಿಟ್ಟ ಹಾಗಿವೆ.

ಹಗ್ಗದಂಥ ತೆಳು ಬಿಳಲುಗಳನ್ನು ಸಂದು ತುಂಬಿ ಉಳಿಸುವುದು ಕಷ್ಟ, ಅವನ್ನು ಕೆರೆದು ತೆಗೆಯಬೇಕು. ಕತ್ತಲಿನ ವಾಶ್‌ನ ಹೊಳಪು ಆರಿ, ಕಾಗದ ಇನ್ನೂ ತೇವವಾಗಿರುವ ಒಂದು ಗಳಿಗೆ ಇದೆ. ಆಗ ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದಲೋ ಉಗುರಿನಿಂದಲೋ ಒತ್ತಿ ಎಳೆದರೆ ಬಣ್ಣ ಬದಿಗೆ ಸರಿದು ತಿಳಿಗೆರೆ ಮೂಡುತ್ತದೆ. ಹೊಳಪು ಇರುವಾಗಲೇ ಎಳೆದರೆ ಉಲ್ಟಾ: ಕಾಗದದ ಗೀರಿಗೆ ಬಣ್ಣ ಹರಿದು ಬಂದು ಕಪ್ಪುಗೆರೆ ಆಗುತ್ತದೆ. ಪೂರ್ತಿ ಒಣಗಿದ ಮೇಲೆ ಏನೂ ಆಗುವುದಿಲ್ಲ. ತುಂಡು ಕಾಗದದಲ್ಲಿ ಹತ್ತು ಸಲ ಮಾಡಿದರೆ ಗಳಿಗೆ ಕೈಗೆ ಸಿಗುತ್ತದೆ.

ಒಣಗಿದ ಮೇಲೆ ಅದೇ ಕತ್ತಲಿನೊಳಗೆ ಇನ್ನೊಂದು ಸಲ, ಈಗ ಮೊಸರಿನ ಹದದಲ್ಲಿ, ಸಂದಿನೊಳಗೆ ಸಂದು ಬಿಡಿಸಿ. ಮೊದಲ ಕತ್ತಲಿನ ಪಟ್ಟಿಗಳೇ ಹಿಂದಿನ ಸಾಲಿನ ಬಿಳಲುಗಳಾಗಿ ನಿಲ್ಲುತ್ತವೆ. ತಿಳಿ, ನಡು, ಕಡು ಹೀಗೆ ಮೂರು ಪದರ ಸಾಕು. ನಾಲ್ಕನೆಯದಕ್ಕೆ ಕೈ ಹಾಕಿದರೆ ಕೆಸರು.

ಕೊನೆಗೆ 2ನೇ ನಂಬರಿನ ರಿಗ್ಗರ್, ಅಂದರೆ ಉದ್ದ ಕೂದಲಿನ ತೆಳು ಕುಂಚ. ಬಣ್ಣದಲ್ಲಿ ನೀರು ಧಾರಾಳವಾಗಿರಲಿ, ಹಿಡಿಕೆಯ ತುದಿ ಹಿಡಿದು ಭುಜದಿಂದ ಕೈ ಇಳಿಸಿ. ಜೋತ ಬಿಳಲು ತೂಕಕ್ಕೆ ನೇರ ಕೆಳಗಿಳಿಯುತ್ತದೆ, ಹಾವಿನ ಹಾಗೆ ಕೊಂಕಿಸಬೇಡಿ. ಅದು ಹೊರಡುವುದು ಅಡ್ಡ ಚಾಚಿದ ದಪ್ಪ ಕೊಂಬೆಗಳಿಂದ. ಎಲೆಯ ರೆಂಬೆ ತುದಿಯಿಂದ ಬಿಳಲು ಇಳಿಸಿದವರು ಆ ಗೆರೆಗಳನ್ನು ಈಗಲೇ ಒರೆಸಿಕೊಳ್ಳಿ. ಗೊಂಚಲಿನ ತುದಿಗೆ ಬರ್ನ್ಟ್ ಸಿಯೆನ್ನಾದ ಕೆಂಗಂದು ಒಂದು ಚುಕ್ಕೆ. ನೆಲ ಮುಟ್ಟಿದ ಬಿಳಲಿನ ಬುಡ ಸ್ವಲ್ಪ ಅಗಲವಾಗಿ, ಬೇರೊಡೆದು ಮಣ್ಣಿಗೆ ಸೇರಲಿ. ಹಾಗೆ ಮಾಡದಿದ್ದರೆ ಕೋಲು ನೆಟ್ಟ ಹಾಗೆ ಕಾಣುತ್ತದೆ.

ಇಷ್ಟಾಗಿಯೂ ಒಂದೆರಡು ತಿಳಿ ಬಿಳಲು ಕಡಿಮೆ ಬಿದ್ದರೆ ಬಿಳಿ ಗೌಶ್‌ಗೆ (ಕೆಳಗಿನ ಬಣ್ಣವನ್ನು ಮುಚ್ಚುವ ದಟ್ಟ ನೀರಿನ ಬಣ್ಣ) ಯೆಲ್ಲೋ ಓಕರ್ ಬೆರೆಸಿ ಎಳೆಯಿರಿ, ತಪ್ಪೇನಿಲ್ಲ. ಬರೀ ಬಿಳಿ ಹಾಕಿದರೆ ಕತ್ತಲಿನ ಮೇಲೆ ಸುಣ್ಣದ ನೀಲಿ ಬರುತ್ತದೆ. ಮೂರಕ್ಕಿಂತ ಹೆಚ್ಚು ಬೇಕೆನಿಸಿದರೆ ಚಿತ್ರವನ್ನೇ ಮತ್ತೆ ಬರೆಯುವುದು ಮೇಲು.

ಪ್ರಶ್ನೆ: ಬಿಳಲು ಉಳಿಸಲು ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದೆ. ಮರುದಿನ ಕೀಳುವಾಗ ಕಾಗದದ ಮೇಲ್ಪದರವೇ ಎದ್ದು ಬಂತು. ಕುಂಚವೂ ಹಾಳಾಯಿತು.
— ಗೃಹಿಣಿ, ಬಳ್ಳಾರಿ

ಹಚ್ಚಿದ ಜಾಗಕ್ಕೆ ಬಣ್ಣ ತಾಗದಂತೆ ತಡೆಯುವ ಆ ದ್ರವ ಮೂಲತಃ ರಬ್ಬರ್ ಹಾಲು. ಬಿಸಿ ತಾಗಿದಷ್ಟೂ, ದಿನ ಕಳೆದಷ್ಟೂ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಒಂದು ರಾತ್ರಿ ಬಿಡುವುದೂ ಹೆಚ್ಚೇ. ಬೆಳಿಗ್ಗೆ ಹಚ್ಚಿ ಸಂಜೆಯೊಳಗೆ ಕಿತ್ತುಬಿಡಿ. ಬಿಸಿಲಿಗಿಡಬೇಡಿ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಹಚ್ಚುವ ಮೊದಲೂ ಕೀಳುವ ಮೊದಲೂ ಕಾಗದ ಒಣಗಿರಬೇಕು; ತೇವ ಇದ್ದರೆ ಮೇಲ್ಪದರ ಏಳುವುದು ಖಂಡಿತ. ಮರದ ತಿರುಳಿನ ಅಗ್ಗದ ಕಾಗದಗಳು ಹತ್ತಿಯ ಕಾಗದಕ್ಕಿಂತ ಬೇಗ ಕಿತ್ತುಬರುತ್ತವೆ, ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ಪರೀಕ್ಷಿಸಿ.

ಕುಂಚಕ್ಕೆ: ಹಳೆಯದೊಂದನ್ನು ಇದಕ್ಕೆಂದೇ ಇಡಿ, ಸಾಬೂನಿನ ಮೇಲೆ ಉಜ್ಜಿ ಕೂದಲಿಗೆ ನೊರೆ ಹಿಡಿಸಿ ಆಮೇಲೆ ಅದ್ದಿ. ಬಿಳಲಿಗಾದರೆ ಕುಂಚಕ್ಕಿಂತ ಮೊನೆ ಕೆತ್ತಿದ ಬಿದಿರುಕಡ್ಡಿ ಚೆನ್ನ. ಬಾಟಲಿಯನ್ನು ಕುಲುಕಬೇಡಿ, ಗುಳ್ಳೆ ಎದ್ದು ಗೆರೆ ತೂತುತೂತಾಗುತ್ತದೆ. ನೂಲು ನೂಲಾಗಿ ಎಳೆಯುವಷ್ಟು ಹಳತಾದದ್ದನ್ನು ಎಸೆಯಿರಿ.

ಇನ್ನು ನಮ್ಮ ಅಭಿಪ್ರಾಯ. ಆಲಕ್ಕೆ ಇದನ್ನು ಮುಂದಿನ ಸಾಲಿನ ನಾಲ್ಕೈದು ಕಂಬಬಿಳಲುಗಳಿಗೆ ಮಾತ್ರ ಬಳಸಿ. ಎಲ್ಲ ಬಿಳಲಿಗೂ ಹಚ್ಚಿದರೆ ಅಂಚುಗಳೆಲ್ಲ ಕತ್ತರಿಸಿ ಅಂಟಿಸಿದ ಹಾಗೆ ಚೂಪಾಗುತ್ತವೆ. ಕಿತ್ತ ಮೇಲೆ ಒದ್ದೆ ಕುಂಚದಿಂದ ಒಂದು ಬದಿಯ ಅಂಚನ್ನಾದರೂ ಸವರಿ ಮೆತ್ತಗೆ ಮಾಡಿ, ಬಿಳಿ ಉಳಿದ ಜಾಗಕ್ಕೆ ಓಕರ್ ವಾಶ್ ಕೊಡಿ.

ಪ್ರಶ್ನೆ: ಎಲೆಗಳು ಹಸಿರು ಬಲೂನಿನ ಹಾಗೆ ಬರುತ್ತವೆ. ಟ್ಯೂಬಿನ ಸ್ಯಾಪ್ ಗ್ರೀನ್ ಬಳಸುತ್ತೇನೆ. ಮಧ್ಯೆ ಹೂಕೋಸಿನಂಥ ಕಲೆಗಳೂ ಏಳುತ್ತವೆ.
— ಬಿ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಮೂರು ಬೇರೆ ಬೇರೆ ತೊಂದರೆ.

ಬಲೂನು ಬರುವುದು ಹೊರಗೆರೆಯನ್ನು ಕುಂಚದ ತುದಿಯಿಂದ ಸುತ್ತುವುದರಿಂದ. 12ನೇ ನಂಬರಿನ ಕುಂಚವನ್ನು ಪೂರ್ತಿ ಮಲಗಿಸಿ ಹೊಟ್ಟೆಯಿಂದ ಉಜ್ಜಿದರೆ ಕಾಗದದ ಉಬ್ಬುಗಳ ಮೇಲಷ್ಟೇ ಬಣ್ಣ ನಿಂತು ಅಂಚು ಹರಕಾಗುತ್ತದೆ. ನಮಗೆ ಬೇಕಾದ್ದು ಆ ಹರಕೇ. ಹಂದರದೊಳಗೆ ಅಲ್ಲಲ್ಲಿ ಆಕಾಶದ ಕಿಂಡಿ ಬಿಡಿ, ಆದರೆ ಆ ಕಿಂಡಿಗಳಿಗೆ ಹೊರಗಿನ ಆಕಾಶಕ್ಕಿಂತ ಒಂದು ಛಾಯೆ ಕಡು ಬಣ್ಣ ಕೊಡಿ. ಅಷ್ಟೇ ಬೆಳ್ಳಗೆ ಬಿಟ್ಟರೆ ಮರದಲ್ಲಿ ಬಲ್ಬ್ ಉರಿಯುವ ಹಾಗೆ ಕಾಣುತ್ತದೆ.

ಹಸಿರಿಗೆ ಬಂದರೆ, ಆಲದ ಎಲೆ ದಪ್ಪ, ತೊಗಲಿನಂಥದು, ಮೇಲ್ಮೈ ಹೊಳೆಯುವಂಥದು. ಅಂಥ ಎಲೆ ಆಕಾಶವನ್ನು ಪ್ರತಿಫಲಿಸುತ್ತದೆ. ಆದ್ದರಿಂದ ನೆತ್ತಿಯ ಮೇಲೆ ಬೆಳಕು ಬಿದ್ದ ಜಾಗ ಹಳದಿ ಹಸಿರಲ್ಲ, ನೀಲಿ ಬೆರೆತ ಬೂದು ಹಸಿರು. ಹಳದಿ ಹಸಿರು ಕಾಣುವುದು ಬೆಳಕು ಎಲೆಯನ್ನು ತೂರಿ ನಮ್ಮ ಕಡೆ ಬಂದಾಗ, ಅಂದರೆ ಸೂರ್ಯ ಮರದ ಹಿಂದೆ ಇದ್ದಾಗ. ಈ ಎರಡನ್ನೂ ಬೆರೆಸಿ ಎಲ್ಲ ಕಡೆ ಒಂದೇ ಸ್ಯಾಪ್ ಗ್ರೀನ್ ಬಳಿದರೆ ಪ್ಲಾಸ್ಟಿಕ್ ಗಿಡ. ಟ್ಯೂಬನ್ನು ಬಿಸಾಡಬೇಕಿಲ್ಲ. ನೆತ್ತಿಗೆ ಅದಕ್ಕೆ ಅಲ್ಟ್ರಾಮರೀನ್ ಮತ್ತು ಧಾರಾಳ ನೀರು. ನಡುಭಾಗಕ್ಕೆ ಮೂರು ಪಾಲಿಗೆ ಒಂದು ಪಾಲು ಬರ್ನ್ಟ್ ಸಿಯೆನ್ನಾ. ಅಡಿಯ ಕತ್ತಲಿಗೆ ಅಲ್ಟ್ರಾಮರೀನ್ ಮತ್ತು ಇನ್ನಷ್ಟು ಸಿಯೆನ್ನಾ. ಥ್ಯಾಲೋ ನೀಲಿಯಲ್ಲಿ ಹಸಿರು ಕಲಸುವವರು ಹಳದಿಯ ರಾಶಿಗೆ ನೀಲಿಯನ್ನು ಕುಂಚದ ತುದಿಯಷ್ಟೇ ಸೇರಿಸಿ, ಅದು ಬಹಳ ಜೋರು. ಚಿಗುರಿನ ಕಾಲದ ಮರವಾದರೆ ರೆಂಬೆ ತುದಿಗೆ ಕೆಂದಾಮ್ರ ಬಣ್ಣ ನಾಲ್ಕು ಕಡೆ ತಾಗಿಸಿ. ಕೆಂಪು ಹಣ್ಣು ಬರೆಯುವುದು ತೀರ ಹತ್ತಿರದ ರೆಂಬೆಗೆ ಮಾತ್ರ. ಎಲೆಯ ಕಂಕುಳಲ್ಲಿ, ಜೋಡಿಯಾಗಿ. ಇಡೀ ಮರಕ್ಕೆ ಚುಕ್ಕೆ ಇಟ್ಟರೆ ಸೀಬೆಗೋ ಸೇಬಿಗೋ ಹೋಗುತ್ತದೆ.

ಹೂಕೋಸಿನ ಕಲೆ ನೀರಿನ ಲೆಕ್ಕ ತಪ್ಪಿದ್ದರಿಂದ. ಅರ್ಧ ಒಣಗಿದ ವಾಶ್‌ಗೆ ಅದಕ್ಕಿಂತ ಹೆಚ್ಚು ನೀರಿರುವ ಕುಂಚ ತಾಗಿದರೆ ಆ ನೀರು ಹರಡುತ್ತ ಬಣ್ಣದ ಕಣಗಳನ್ನು ಅಂಚಿಗೆ ತಳ್ಳುತ್ತದೆ. ಹಸಿ ಜಾಗಕ್ಕೆ ಮತ್ತೆ ಬಣ್ಣ ಹಾಕುವುದಾದರೆ ಅದು ಕೆಳಗಿನದಕ್ಕಿಂತ ಗಟ್ಟಿಯಾಗಿರಬೇಕು, ಕುಂಚವನ್ನು ಬಟ್ಟೆಗೆ ಒಮ್ಮೆ ಒತ್ತಿರಬೇಕು. ಇಲ್ಲವೇ ಪೂರ್ತಿ ಒಣಗಲು ಬಿಡಿ. ಅಂದಹಾಗೆ, ಎಲೆಹಂದರದಲ್ಲಿ ಒಂದೆರಡು ಹೂಕೋಸು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆಕಾಶದಲ್ಲಿ ಬಿದ್ದರೆ ಮಾತ್ರ ಮುಚ್ಚಲಾಗದು.

ಪ್ರಶ್ನೆ: ನನ್ನ ಆಲವನ್ನು ಎಲ್ಲರೂ ಅರಳಿ ಮರ ಎನ್ನುತ್ತಾರೆ.
— ಬ್ಯಾಂಕ್ ಉದ್ಯೋಗಿ, ಧಾರವಾಡ

ಬಹುಶಃ ಎಲೆಗಳಿಗೆ ಮೊನೆ ಕೊಟ್ಟಿದ್ದೀರಿ. ಅರಳಿಯ ಎಲೆಗೆ ಉದ್ದನೆಯ ಬಾಲ, ತೆಳು ತೊಟ್ಟು. ಸಣ್ಣ ಗಾಳಿಗೂ ಅಲ್ಲಾಡುತ್ತದೆ, ಹಾಗಾಗಿ ಅರಳಿಯ ಅಂಚು ಮಿಣುಗುವ ಚುಕ್ಕೆಗಳಂತೆ. ಆಲದ ಎಲೆ ಅಂಡಾಕಾರ, ತುದಿ ಮೊಂಡು, ಅಲ್ಲಾಡದ ದಪ್ಪ ಗೊಂಚಲು. ಕುಂಚದ ಹೊಟ್ಟೆಯನ್ನು ಒತ್ತಿ ಎತ್ತಿದರೆ ಬೀಳುವ ಗುರುತೇ ಸಾಕು. ಕೊಂಬೆಗಳೂ ಬೇರೆ: ಅರಳಿಯವು ಮೇಲಕ್ಕೇರುತ್ತವೆ, ಆಲದವು ಅಡ್ಡಕ್ಕೆ ಚಾಚುತ್ತವೆ.

ಪ್ರಶ್ನೆ: ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಎರಡು ಸಲ ಹೋದೆ. ಎಲ್ಲಿ ಕುಳಿತರೂ ಮರ ಹಾಳೆಯೊಳಗೆ ಹಿಡಿಸುವುದಿಲ್ಲ.
— ಓದುಗರು, ಬೆಂಗಳೂರು

ಸುಮಾರು ಮೂರು ಎಕರೆ ಹರಡಿರುವ ಮರ ಹಾಳೆಗೆ ಹಿಡಿಸಬೇಕೆಂದೇ ಹೊರಡಬೇಡಿ. ಅಲ್ಲಿ ಮೂಲ ಬೊಡ್ಡೆ ರೋಗ ತಗುಲಿ ಹೋಗಿಬಿಟ್ಟಿದೆ, ಈಗ ಇರುವುದು ಬಿಳಲುಗಳೇ ಬೆಳೆದ ತೋಪು. ನಡುವೆ ಒಂದು ದೊಡ್ಡ ಬೊಡ್ಡೆ ಹುಡುಕಿ ಅದರ ಸುತ್ತ ಚಿತ್ರ ಕಟ್ಟಲು ಹೋದರೆ ಸೋಲು. ರಟ್ಟಿನಲ್ಲಿ 2×3 ಇಂಚಿನ ಕಿಟಕಿ ಕತ್ತರಿಸಿ, ಕಣ್ಣೆದುರು ಹಿಡಿದು ನೋಡಿ. ಮೂರು ಕಂಬ, ಒಂದು ಅಡ್ಡಕೊಂಬೆ, ಆಚೆ ಬೆಳಕಿನ ಒಂದು ತುಂಡು ಸಿಕ್ಕಿದರೆ ಅಲ್ಲೇ ಕುಳಿತುಕೊಳ್ಳಿ. ಕೊಂಬೆ ಹಾಳೆಯ ಅಂಚಿನಿಂದ ಹೊರಗೆ ಹೋಗಲಿ, ಮರ ಎಷ್ಟು ದೊಡ್ಡದೆಂದು ನೋಡುವವರಿಗೆ ಅದರಿಂದಲೇ ತಿಳಿಯುತ್ತದೆ. ಅಳತೆಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕಾಲು ಇಂಚು ಎತ್ತರದವನಾದರೂ ಸರಿ.

ಪ್ರಶ್ನೆ: ಹುಲಿಕಲ್–ಕುದೂರು ರಸ್ತೆಯ ಸಾಲುಮರ ಬರೆಯುವ ಆಸೆ. ಮರದಡಿಯ ಬಿಸಿಲು ನೆರಳು ಚಿರತೆಯ ಚುಕ್ಕೆಯಾಗುತ್ತದೆ.
— ಚಿತ್ರಕಲಾ ಶಿಕ್ಷಕರು, ಮಾಗಡಿ

ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ನೆಟ್ಟ ಆ 385 ಆಲದ ಮರಗಳಿಗಿಂತ ಒಳ್ಳೆಯ ವಿಷಯ ನಿಮ್ಮ ತಾಲ್ಲೂಕಿನಲ್ಲಿ ಬೇರೆ ಸಿಗದು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ. ಮಧ್ಯಾಹ್ನ ನೆರಳೆಲ್ಲ ಬುಡದಲ್ಲೇ ಮುದುಡಿ, ಬೊಡ್ಡೆಗೆ ಬದಿಯ ಬೆಳಕು ಸಿಗುವುದಿಲ್ಲ. ರಸ್ತೆ ಬದಿಯ ಆಲಗಳಲ್ಲಿ ಬಿಳಲನ್ನು ಸಾಮಾನ್ಯವಾಗಿ ಸವರಿರುತ್ತಾರೆ. ಕಂಡಷ್ಟನ್ನೇ ಬರೆಯಿರಿ, ಆಲವೆಂದು ಇಲ್ಲದ ಬಿಳಲು ತೂಗುಬಿಡುವುದು ಬೇಡ.

ಮರದಡಿಯ ಬಿಸಿಲುಚುಕ್ಕೆ ಎಲೆಸಂದಿನ ಆಕಾರದ್ದಲ್ಲ. ಸಣ್ಣ ಸಂದು ಸೂಜಿರಂಧ್ರದ ಹಾಗೆ ಕೆಲಸ ಮಾಡಿ ಸೂರ್ಯನ ಬಿಂಬವನ್ನೇ ನೆಲಕ್ಕೆ ಬೀಳಿಸುತ್ತದೆ. ಆದ್ದರಿಂದ ಚುಕ್ಕೆ ದುಂಡು, ಸೂರ್ಯ ಓರೆಯಾದಾಗ ಅಂಡಾಕಾರ, ಅಂಚು ಮಸುಕು. ನಾವು ನಿಂತು ನೋಡುವ ಕೋನದಿಂದ ಅದು ಇನ್ನೂ ಚಪ್ಪಟೆಯಾಗಿ, ಹತ್ತಿರದಲ್ಲಿ ಅವಲಕ್ಕಿಯಂತೆ, ದೂರದಲ್ಲಿ ಬರೀ ಅಡ್ಡಗೆರೆಯಂತೆ ಕಾಣುತ್ತದೆ. ಚಿರತೆ ಹುಟ್ಟುವುದು ಹತ್ತಿರಕ್ಕೂ ದೂರಕ್ಕೂ ಒಂದೇ ಅಳತೆಯ ದುಂಡು ಚುಕ್ಕೆ ಹಾಕುವುದರಿಂದ.

ಕ್ರಮ ಸುಲಭ. ಇಡೀ ರಸ್ತೆಗೆ ಮೊದಲು ಓಕರ್, ತುಸು ರೋಸ್ ಬೆರೆಸಿದ ನೀರುಮಜ್ಜಿಗೆ ವಾಶ್. ಒಣಗಲಿ. ಆಮೇಲೆ ಅಲ್ಟ್ರಾಮರೀನ್, ಸಿಯೆನ್ನಾ, ಚೂರು ರೋಸ್ ಸೇರಿಸಿದ ನೆರಳನ್ನು ಹಾಲಿನ ಹದದಲ್ಲಿ ಒಂದೇ ಸಲಕ್ಕೆ, ಅವಲಕ್ಕಿಗಳನ್ನು ಬಿಟ್ಟುಕೊಂಡು ಎಳೆಯಿರಿ. ಒಣಗುತ್ತ ಇದು ತಿಳಿಯಾಗುತ್ತದೆ, ಹಾಕುವಾಗ ಬೇಕಾದ್ದಕ್ಕಿಂತ ಕಡುವಾಗೇ ಇರಲಿ. ತಿದ್ದಲು ಹೋದರೆ ಕೆಳಗಿನ ವಾಶ್ ಕದಡುತ್ತದೆ. ಒಣಗಿದ ಮೇಲೆ ಐದಾರು ಚುಕ್ಕೆಗಳ ಅಂಚನ್ನು ಒದ್ದೆ ಕುಂಚದಿಂದ ಸವರಿ ಟಿಶ್ಯೂ ಒತ್ತಿ. ಅಲ್ಟ್ರಾಮರೀನ್, ಸಿಯೆನ್ನಾ ಎರಡೂ ಕಾಗದದಿಂದ ಚೆನ್ನಾಗಿ ಏಳುತ್ತವೆ. ಥ್ಯಾಲೋ ಹಾಕಿದ್ದರೆ ಕಾಗದಕ್ಕೆ ಹಿಡಿದು ಏಳುವುದಿಲ್ಲ. ಮಣ್ಣಿನ ಬದಿಯಲ್ಲಿ ನೆರಳಿಗೆ ಸಿಯೆನ್ನಾ ಹೆಚ್ಚಿಸಿ, ಕೆಮ್ಮಣ್ಣಿನ ನೆರಳು ಬೂದಲ್ಲ, ಕಡುಗೆಂಪು.

ಬೊಡ್ಡೆಗಳಿಗೆ ಬಳಿದ ಸುಣ್ಣದ ಪಟ್ಟಿ ಇದ್ದರೆ ಬಿಡಬೇಡಿ. ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿನ ಪಟ್ಟಿ ಕೆಳಕ್ಕೆ ಬಾಗುತ್ತದೆ, ಮಟ್ಟಕ್ಕೆ ಸರಿಯಾದದ್ದು ನೇರ. ಬೊಡ್ಡೆ ದುಂಡಗಿದೆ ಎಂದು ತೋರಿಸಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕಾಗದ ಬ್ಲಾಟಿಂಗ್ ಪೇಪರಿನ ಹಾಗೆ ಬಣ್ಣ ಹೀರುತ್ತದೆ, ಅಲ್ಲಲ್ಲಿ ಕಪ್ಪು ಚುಕ್ಕೆ.
— ಓದುಗರು, ಉಡುಪಿ

ಕಾಗದ ಬಣ್ಣವನ್ನು ಮೇಲೆ ಹಿಡಿದು ನಿಲ್ಲಿಸುವುದು ಅದಕ್ಕೆ ಕೊಟ್ಟ ಅಂಟಿನ ಲೇಪದಿಂದ. ತೇವಕ್ಕೆ ಬೂಷ್ಟು ಹಿಡಿದು ಆ ಲೇಪ ಹಾಳಾದ ಕಡೆ ಬಣ್ಣ ಒಳಗಿಳಿಯುತ್ತದೆ. ಮೂಲೆಗೆ ಒಂದು ಹನಿ ನೀರು ಬಿಡಿ. ಹನಿ ನಿಂತರೆ ಹಾಳೆ ಚೆನ್ನಾಗಿದೆ, ಕೂಡಲೇ ಇಂಗಿದರೆ ಜಲವರ್ಣಕ್ಕೆ ಮುಗಿಯಿತು. ಪೆನ್ಸಿಲ್, ಇದ್ದಿಲು, ಅಕ್ರಿಲಿಕ್‌ಗೆ ಬಳಸಿ. ಮೇ ತಿಂಗಳಲ್ಲೇ ಹಾಳೆಗಳನ್ನು ಗಾಳಿಯಾಡದ ಜಿಪ್ ಕವರಿಗೆ ಹಾಕಿ, ಮೂರು ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗೋಡೆಗೆ ತಾಗದ ಕಡೆ ಮಲಗಿಸಿ. ಅಗತ್ಯಕ್ಕಿಂತ ಹೆಚ್ಚು ಕೊಂಡಿಡಬೇಡಿ.

ಹೇರ್ ಡ್ರೈಯರ್ ಹಿಡಿಯುವುದಾದರೆ ಹೊಳಪು ಆರಿದ ಮೇಲೆ, ಒಂದು ಅಡಿ ದೂರದಿಂದ. ಮೊದಲೇ ಹಿಡಿದರೆ ಗಾಳಿ ಬಣ್ಣವನ್ನು ಮೂಲೆಗೆ ನೂಕುತ್ತದೆ. ಮಳೆಗಾಲದ ಒಂದು ಲಾಭವೂ ಇದೆ: ಹಸಿ ಮೇಲೆ ಹಸಿ ಕೆಲಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ, ಮಂಜು ಕವಿದ ಆಲಕ್ಕೆ ಇದೇ ಕಾಲ. ಬಳ್ಳಾರಿಯವರು ಅದನ್ನೇ ಮಾಡಬೇಕಾದರೆ ಹಾಳೆಯ ಹಿಂಬದಿಯನ್ನೂ ನೆನೆಸಿ ಗಾಜಿನ ಮೇಲೆ ಅಂಟಿಸಿಕೊಳ್ಳಬೇಕು.

ಪ್ರಶ್ನೆ: ಊರಿನ ಕಟ್ಟೆಯ ಆಲವನ್ನು ಫೋನ್ ಫೋಟೋ ನೋಡಿ ಬರೆಯುತ್ತಿದ್ದೇನೆ. ಮರದಡಿ ಬರೀ ಕಪ್ಪು, ಬಿಳಲೆಲ್ಲ ಓರೆ.
— ಓದುಗರು, ಟ್ಯಾಂಪಾ, ಫ್ಲಾರಿಡಾ

ಊರಿನವರಿಗೆ ಎರಡು ಫೋಟೋ ಕಳಿಸಲು ಹೇಳಿ. ಒಂದನ್ನು ಪರದೆಯ ಮೇಲೆ ಆಕಾಶದ ಜಾಗ ಮುಟ್ಟಿ ತೆಗೆಯಲಿ, ಇನ್ನೊಂದನ್ನು ಮರದಡಿಯ ಕತ್ತಲು ಮುಟ್ಟಿ. ಎರಡನೆಯದರಲ್ಲಿ ಆಕಾಶ ಬಿಳುಚಿದರೂ ಬಿಳಲು, ಕಟ್ಟೆ, ನಾಗರಕಲ್ಲು ಎಲ್ಲ ಬಿಡಿಸಿ ಕಾಣುತ್ತವೆ. ನೆರಳಿನ ಬಣ್ಣವನ್ನು ಅದರಿಂದಲೇ ತೆಗೆದುಕೊಳ್ಳಿ. ಫೋನನ್ನು ಮೇಲಕ್ಕೆ ವಾಲಿಸಿ ಹಿಡಿದದ್ದರಿಂದ ಲಂಬಗೆರೆಗಳೆಲ್ಲ ಒಳಗೆ ಬಾಗಿವೆ. ದೂರ ನಿಂತು ನೆಟ್ಟಗೆ ಹಿಡಿಯಲಿ, ಅಲ್ಲಿಯ ತನಕ ನೀವು ಬಿಳಲನ್ನು ಹಾಳೆಯ ಅಂಚಿಗೆ ಸಮಾನಾಂತರವಾಗಿ ಎಳೆಯಿರಿ.

ಎದುರಿಗೆ ಕುಳಿತು ಕಲಿಯಲು ಮರವಿಲ್ಲ ಎಂದು ಬರೆದಿದ್ದೀರಿ. ನಿಮ್ಮ ರಾಜ್ಯದ ಫೋರ್ಟ್ ಮೈಯರ್ಸ್‌ನಲ್ಲಿ ಥಾಮಸ್ ಎಡಿಸನ್ನರ ಚಳಿಗಾಲದ ಮನೆಯ ಅಂಗಳದಲ್ಲಿ 1920ರ ದಶಕದಲ್ಲಿ ನೆಟ್ಟ ಆಲವಿದೆ, ನಮ್ಮದೇ ಜಾತಿಯದು. ಕಟ್ಟೆ ಇಲ್ಲ, ಆದರೆ ಬಿಳಲು ಬೇಕಾದಷ್ಟಿವೆ.